ಕೊಳೆಗೊಂದು ಜಾಗ

ಮೋಟಾರ್‌ಸೈಕಲ್ಲಿನ ಆಯಿಲ್ ಫಿಲ್ಟರ್ ಬದಲಾಯಿಸುವುದು ದೊಡ್ಡ ವಿದ್ಯೆಯೇನಲ್ಲ. ಸ್ಪ್ಯಾನರ್ ಹಿಡಿಯಲು ಬಂದವರೆಲ್ಲ ಮಾಡಬಲ್ಲರು. ಮಾಡಿ ಮುಗಿಸಿದ ಮೇಲೆ ನೆಲದಲ್ಲಿ ಕರಿ ಕಲೆ ಉಳಿಸದವರು ಮಾತ್ರ ಅಪರೂಪ. ಬೆಳಿಗ್ಗೆ ಬೀದಿಯಲ್ಲಿ ಒಂದು ಸುತ್ತು ನಡೆದರೆ ಸಾಕು, ಗೇಟಿನ ಮುಂದಿನ ಸಿಮೆಂಟು ನೋಡಿಯೇ ಯಾವ ಮನೆಯವರು ಗಾಡಿಯ ಸರ್ವಿಸ್ ತಾವೇ ಮಾಡಿಕೊಳ್ಳುತ್ತಾರೆಂದು ಹೇಳಬಹುದು. ಅದೇ ಜಾಗದಲ್ಲಿ ರಂಗೋಲಿ ಹಾಕುವವರನ್ನು ಕೇಳಿದರೆ ಇನ್ನೂ ಸ್ಪಷ್ಟವಾಗಿ ಹೇಳುತ್ತಾರೆ.

ಆತುರಪಟ್ಟಿದ್ದಕ್ಕೆ ಚೆಲ್ಲಿತು ಎನ್ನುತ್ತೇವೆ. ಅದು ಅರ್ಧ ಸತ್ಯ. ನಿಧಾನವಾಗಿ ಬಿಚ್ಚಿದರೂ ಚೆಲ್ಲುತ್ತದೆ. ಒಳಗಿದ್ದದ್ದು ಹೊರಗೆ ಬಂದಾಗ ಎಲ್ಲಿಗೆ ಹೋಗಬೇಕೆಂದು ಮೊದಲೇ ಯೋಚಿಸದಿದ್ದರೆ ಅದು ಚೆಲ್ಲದೆ ಇನ್ನೇನು ಮಾಡೀತು? ಅಣ್ಣತಮ್ಮಂದಿರು ಪಾಲಿನ ಮಾತು ತೆಗೆಯುವ ದಿನ ಹಿರಿಯರೊಬ್ಬರನ್ನು ಮೊದಲೇ ಕರೆದು ಕೂರಿಸುತ್ತಾರಲ್ಲ, ಅದೂ ಇದಕ್ಕೇ. ಎಷ್ಟೋ ವರ್ಷ ಒಳಗೇ ಇದ್ದದ್ದು ಹೊರಬೀಳುವಾಗ ಹಿಡಿಯಲು ಒಬ್ಬರು ಬೇಕು. ಅವರು ಬರುವ ಮೊದಲೇ ಯಾರಾದರೂ ಮಾತು ತೆಗೆದರೆ ಆಮೇಲೆ ಒರೆಸುವುದೇ ಕೆಲಸವಾಗುತ್ತದೆ.

ಹಾಗಾಗಿ ಮೊದಲು ಹಾಸುವುದು, ಆಮೇಲೆ ಬಿಚ್ಚುವುದು. ನ್ಯೂಸ್‌ಪೇಪರ್ ಗಾಳಿಗೆ ಏಳುತ್ತದೆ, ಎಣ್ಣೆ ಬಿದ್ದರೆ ಹರಿದುಹೋಗುತ್ತದೆ. ಅಂಗಡಿಯ ದಪ್ಪ ರಟ್ಟಿನ ಡಬ್ಬ ಬಿಚ್ಚಿ ಹಾಸಿದರೆ ಅದು ಎಣ್ಣೆ ಕುಡಿಯುತ್ತದೆ, ಜಾಗ ಬಿಟ್ಟು ಕದಲುವುದೂ ಇಲ್ಲ. ಅದರ ಮೇಲೆ ಅಗಲವಾದ ಟ್ರೇ. ಪಕ್ಕದಲ್ಲಿ ಗ್ಯಾರೇಜಿನವರು ಕೆಜಿ ಲೆಕ್ಕದಲ್ಲಿ ಕೊಳ್ಳುವ ಬನಿಯನ್ ವೇಸ್ಟ್, ಇಲ್ಲವೆ ಮನೆಯ ಹಳೇ ಬನಿಯನ್. ಎಂಜಿನ್ನನ್ನು ನಾಲ್ಕೈದು ನಿಮಿಷ ಓಡಿಸಿ ನಿಲ್ಲಿಸಬೇಕು. ಬೆಚ್ಚಗಾದ ಆಯಿಲ್ ತೆಳುವಾಗುತ್ತದೆ, ತಳದ ಕೊಳೆಯನ್ನೂ ಕಲಕಿಕೊಂಡು ಬರುತ್ತದೆ. ದೂರದ ಊರಿಂದ ಬಂದವರು ಗಾಡಿ ನಿಲ್ಲಿಸಿದ ಕೂಡಲೇ ಬಿಚ್ಚಲು ಕೂತರೆ ಕೈ ಸುಡುತ್ತದೆ.

ಡ್ರೈನ್ ಬೋಲ್ಟ್ ತೆಗೆದಾಗ ಆಯಿಲ್ ನೆಟ್ಟಗೆ ಕೆಳಗೆ ಬೀಳುವುದಿಲ್ಲ. ಮೊದಲು ಚಿಮ್ಮಿ ದೂರ ಹೋಗುತ್ತದೆ, ರಭಸ ಇಳಿದಂತೆ ಹತ್ತಿರ ಹತ್ತಿರ ಬಂದು ಕೊನೆಗೆ ಬೋಲ್ಟಿನ ಬುಡದಲ್ಲೇ ತೊಟ್ಟಿಕ್ಕುತ್ತದೆ. ಟ್ರೇ ಕೂಡ ಅದರ ಜೊತೆ ಸರಿಯಬೇಕು. ಕೊನೆಯ ಸುತ್ತುಗಳಲ್ಲಿ ಬೋಲ್ಟನ್ನು ಬೆರಳಿನಿಂದ ಒಳಕ್ಕೆ ಒತ್ತಿಕೊಂಡೇ ತಿರುಗಿಸಿ ಥಟ್ಟನೆ ಎಳೆದುಕೊಂಡರೆ ಅದು ಟ್ರೇಯೊಳಗೆ ಮುಳುಗುವುದಿಲ್ಲ. ಮೇಲಿನ ಆಯಿಲ್ ಮುಚ್ಚಳವನ್ನೂ ತೆರೆದಿಟ್ಟರೆ ಒಳಗೆ ಗಾಳಿ ಹೋಗಿ ಧಾರೆ ಗುಳುಗುಳು ಎನ್ನದೆ ಒಂದೇ ಸಮ ಇಳಿಯುತ್ತದೆ.

ಧಾರೆ ನಿಂತಾಗ ಎಲ್ಲ ಮುಗಿಯಿತೆಂದು ಅನಿಸುತ್ತದೆ. ನೆಲ ಕೆಡುವುದು ಸಾಮಾನ್ಯವಾಗಿ ಇಲ್ಲಿಂದ ಮುಂದೆ. ಫಿಲ್ಟರಿನ ಗೂಡಿನಲ್ಲಿ ಇನ್ನೂ ಒಂದಿಷ್ಟು ಆಯಿಲ್ ಕೂತಿರುತ್ತದೆ. ಪಕ್ಕದ ಮುಚ್ಚಳದೊಳಗೆ ಕಾಗದದ ಫಿಲ್ಟರ್ ಇರುವ ಗಾಡಿಯಾದರೆ ಬೋಲ್ಟ್‌ಗಳನ್ನು ಪೂರ್ತಿ ತೆಗೆಯದೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಸಡಿಲಿಸಿ ಕಾಯಬೇಕು. ತೊಳೆದು ಒಣಗಿಸಿದ ನಂದಿನಿ ಹಾಲಿನ ಪ್ಯಾಕೆಟ್ಟನ್ನು ಸೀಳಿ ಮುಚ್ಚಳದ ಕೆಳಗೆ ಒತ್ತಿ ಹಿಡಿದರೆ ಸೋರಿದ್ದೆಲ್ಲ ಅದರ ಮೇಲೆ ಜಾರಿ ಟ್ರೇಗೆ ಬೀಳುತ್ತದೆ. ಅಂಗಡಿಯಲ್ಲಿ ಮಾರುವ ಯಾವ ಸಾಧನವೂ ಇದಕ್ಕಿಂತ ಚೆನ್ನಾಗಿ ಬಾಗುವುದಿಲ್ಲ. ಡಬ್ಬಿಯ ಹಾಗಿರುವ, ತಿರುಗಿಸಿ ಕೂರಿಸುವ ಫಿಲ್ಟರ್ ಆದರೆ ಕೈಗೆ ಬರುವಷ್ಟು ಮಾತ್ರ ಸಡಿಲಿಸಿ, ಪ್ಲಾಸ್ಟಿಕ್ ಕವರ್ ತೊಡಿಸಿ, ಕವರಿನೊಳಗೇ ತಿರುಗಿಸಿ ತೆಗೆಯಬಹುದು. ಕೆಳಗೆ ಸೈಲೆನ್ಸರ್ ಪೈಪ್ ಹಾದುಹೋಗಿದ್ದರೆ ಅದರ ಮೇಲೆ ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆ ಮುಚ್ಚಿ. ಪೈಪಿನ ಮೇಲೆ ಬಿದ್ದದ್ದು ಎರಡು ದಿನ ಹೊಗೆಯಾಡುತ್ತದೆ. ಹಿಂದಿನ ಟಯರಿಗೆ ತಾಗಿದ್ದು ಅದಕ್ಕಿಂತ ಕೆಟ್ಟದ್ದು, ತಿರುವಿನಲ್ಲಿ ಗಾಡಿಯನ್ನೇ ಮಲಗಿಸುತ್ತದೆ.

ತೆಗೆದ ಫಿಲ್ಟರನ್ನು ಕೂಡಲೇ ಎಸೆಯದೆ ಒಮ್ಮೆ ನೋಡಬೇಕು. ಮಡಿಕೆ ಮಡಿಕೆಯಾದ ಕಾಗದ. ಮಡಚಿದ್ದರಿಂದಲೇ ಅಷ್ಟು ಸಣ್ಣ ಜಾಗದಲ್ಲಿ ಅಷ್ಟು ದೊಡ್ಡ ಹಾಳೆ ಹಿಡಿದಿದೆ. ಸವೆದ ಲೋಹದ ಕಣ, ಉರಿದ ಕರಿ, ಎಲ್ಲವೂ ಅದರಲ್ಲಿ ಸಿಕ್ಕಿಕೊಂಡಿವೆ. ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಮತ್ತು ಜಾರ್ಜ್ ಗ್ರೀನ್‌ಹಾಲ್ಜ್ 1923ರಲ್ಲಿ ವಾಹನಗಳಿಗೆ ಇಂಥದ್ದೊಂದು ಸೋಸುವ ಸಾಧನ ಮಾಡುವ ಮೊದಲು ಇದೆಲ್ಲ ಎಂಜಿನ್ನಿನೊಳಗೇ ಸುತ್ತುತ್ತಿತ್ತು. ಇನ್ನೊಂದು ಏರ್ಪಾಡು ಹೊರಗಿಂದ ಕಾಣುವುದಿಲ್ಲ. ಫಿಲ್ಟರ್ ಪೂರ್ತಿ ಕಟ್ಟಿಕೊಂಡರೆ ಎಂಜಿನ್ನಿಗೆ ಆಯಿಲ್ ನಿಂತುಹೋಗಬಾರದೆಂದು ಹೆಚ್ಚಿನ ಎಂಜಿನ್‌ಗಳಲ್ಲಿ ಬೈಪಾಸ್ ವಾಲ್ವ್ ಇಟ್ಟಿರುತ್ತಾರೆ. ಒತ್ತಡ ಏರಿದಾಗ ಅದು ತೆರೆದು ಸೋಸದ ಆಯಿಲನ್ನೇ ಒಳಗೆ ಬಿಡುತ್ತದೆ. ಒಣಗಿ ಸಾಯುವುದಕ್ಕಿಂತ ಕೊಳೆ ಕುಡಿದು ಬದುಕುವುದು ಮೇಲು ಎಂಬ ಲೆಕ್ಕ. ಲೆಕ್ಕ ಸರಿಯೇ. ಆದರೆ ವಾಲ್ವ್ ತೆರೆದದ್ದು ಸವಾರನಿಗೆ ಗೊತ್ತಾಗುವುದಿಲ್ಲ. ದೀಪ ಹತ್ತುವುದಿಲ್ಲ, ಸದ್ದು ಬದಲಾಗುವುದಿಲ್ಲ, ಗಾಡಿ ಎಂದಿನಂತೆ ಓಡುತ್ತಿರುತ್ತದೆ.

ಎಲ್ಲ ಗಾಡಿಗೂ ಈ ಕಾಗದದ ಫಿಲ್ಟರ್ ಇಲ್ಲ. ನಮ್ಮ ರಸ್ತೆಗಳ ತುಂಬ ಕಾಣುವ ಸ್ಪ್ಲೆಂಡರಿನಲ್ಲಿ ಆಯಿಲನ್ನು ಗಿರ್ರನೆ ತಿರುಗಿಸಿ, ಭಾರದ ಕೊಳೆ ಗೋಡೆಗೆ ಅಂಟುವಂತೆ ಮಾಡುವ ಏರ್ಪಾಡಿದೆ, ಜೊತೆಗೊಂದು ಜಾಲರಿ. ಅದನ್ನು ಶುಚಿ ಮಾಡಲು ಕ್ಲಚ್ ಕಡೆಯ ಕವರನ್ನೇ ಬಿಚ್ಚಬೇಕು, ಅದು ಅಂಗಳದ ಕೆಲಸವಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿಗಂತೂ ಈ ಫಿಲ್ಟರಿನ ಗೊಡವೆಯೇ ಇರಲಿಲ್ಲ. ಗೇರ್‌ಬಾಕ್ಸಿನದ್ದು ಬಿಟ್ಟರೆ ಎಂಜಿನ್ನಿಗೆ ಬೇಕಾದ ಆಯಿಲನ್ನು ಪೆಟ್ರೋಲಿನಲ್ಲೇ ಬೆರೆಸುತ್ತಿದ್ದರು, ಅದು ಉರಿದು ಹೊಗೆಯಾಗಿ ಹೋಗುತ್ತಿತ್ತು. 1996ರಲ್ಲಿ ಮುಚ್ಚಿದ ಆ ಕಾರ್ಖಾನೆಯ ಗಾಡಿಗಳ ಸದ್ದನ್ನು ನೆನೆದು ಕರಗುವವರು ಮೈಸೂರಿನಲ್ಲಿ ಈಗಲೂ ಇದ್ದಾರೆ. ಯೆಜ್ಡಿಯವನ ಅಂಗಳ ಶುಚಿಯಾಗಿತ್ತು ನಿಜ. ಅವನ ಕೊಳೆಯನ್ನು ಹಿಂದೆ ಬರುವವರು ಉಸಿರಾಡುತ್ತಿದ್ದರು.

ಹೊಸ ಫಿಲ್ಟರ್ ಕೂರಿಸುವ ಮುನ್ನ ಹಳೆಯ ರಬ್ಬರ್ ರಿಂಗ್ ಅಲ್ಲೇ ಅಂಟಿಕೊಂಡಿದೆಯೇ ಎಂದು ಬೆರಳಾಡಿಸಿ ನೋಡಿ. ಎರಡು ರಿಂಗ್ ಒಂದರ ಮೇಲೊಂದು ಕೂತರೆ ಸ್ಟಾರ್ಟ್ ಮಾಡಿದ ಕೂಡಲೇ ಹೊಸ ಆಯಿಲ್ ನೆಲ ಸೇರುತ್ತದೆ. ಹೊಸ ರಿಂಗಿಗೆ ಹೊಸ ಆಯಿಲ್ ಸವರಿ, ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿ.

ಇನ್ನು ಟ್ರೇಯಲ್ಲಿ ಉಳಿದದ್ದು. ಹಳ್ಳಿಗಳಲ್ಲಿ ಇದನ್ನು ಗೆದ್ದಲು ಹತ್ತದಿರಲೆಂದು ಬೇಲಿಯ ಗೂಟಕ್ಕೆ ಬಳಿಯುತ್ತಾರೆ, ಊರುಗಳಲ್ಲಿ ಸೆಂಟ್ರಿಂಗ್ ಹಲಗೆಗೆ. ಪೋಲಾಗಬಾರದೆಂಬ ಒಳ್ಳೆಯ ಮನಸ್ಸೇ ಅದರ ಹಿಂದೆ ಇದೆ, ಆದರೂ ಬಾವಿಯಿರುವ ಹಿತ್ತಲಿನಲ್ಲಿ ಅದನ್ನು ಒಪ್ಪುವುದು ಕಷ್ಟ. ಚರಂಡಿಗೆ ಸುರಿಯುವುದಂತೂ ಕೂಡದು. ಕೇಂದ್ರ ಸರ್ಕಾರದ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಬಳಸಿದ ಆಯಿಲನ್ನೂ ಲೆಕ್ಕಕ್ಕೆ ಹಿಡಿದಿವೆ. ಶುದ್ಧೀಕರಿಸಿದರೆ ಅದು ಮತ್ತೆ ಆಯಿಲ್ ಆಗಬಲ್ಲದು. ಫಿಲ್ಟರನ್ನು ಬಾಯಿ ಕೆಳಗಾಗಿ ಒಂದು ರಾತ್ರಿ ಟ್ರೇಯಲ್ಲೇ ಬಿಡಿ, ಆಮೇಲೆ ಎಲ್ಲವನ್ನೂ ಹೊಸ ಆಯಿಲ್ ಬಂದ ಅದೇ ಡಬ್ಬಕ್ಕೆ ತುಂಬಿ. ಡಬ್ಬದ ಮೇಲೆ ಮಾರ್ಕರಿನಲ್ಲಿ ದೊಡ್ಡದಾಗಿ ‘ವೇಸ್ಟ್’ ಎಂದು ಬರೆಯುವುದು ಒಳ್ಳೆಯದು. ಮನೆಯಲ್ಲಿ ಯಾರಾದರೂ ಅದನ್ನೇ ಇನ್ನೊಂದು ಗಾಡಿಗೆ ಸುರಿದುಬಿಟ್ಟಾರು. ಗ್ಯಾರೇಜಿನಲ್ಲಿ ಹಳೇ ಆಯಿಲಿಗೆ ಬ್ಯಾರಲ್ ಇಟ್ಟಿರುತ್ತಾರೆ, ಅದಕ್ಕೂ ಲೀಟರ್ ಲೆಕ್ಕದಲ್ಲಿ ದುಡ್ಡು ಸಿಗುವುದರಿಂದ ಬೇಡ ಎನ್ನುವವರು ಕಡಿಮೆ. ಕೊಡುವಾಗ, ಇದನ್ನು ಮುಂದೆ ಯಾರು ಒಯ್ಯುತ್ತಾರೆ ಎಂದು ಮೆಕ್ಯಾನಿಕ್ಕನ್ನು ಒಂದು ಮಾತು ಕೇಳಿ.