ಒಂದು ರೂಪಾಯಿಯ ಸವಾಲು

ಹಳೆಯ ಮಿಕ್ಸಿಯ ಜಾರು, ಮಗು ನಡೆಯಲು ಕಲಿತ ಮೇಲೆ ಮೂಲೆ ಸೇರಿದ ವಾಕರು, ಮದುವೆಗೆಂದು ಒಮ್ಮೆ ಮಾತ್ರ ಉಟ್ಟ ಸೀರೆ, ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ ನಾಲ್ಕು ನಾಣ್ಯ. ಇಂಥವುಗಳಿಗೆ ಬೆಲೆ ಕಟ್ಟುವುದು ಹೇಗೆ? ಮಾದನಾಯಕನಹಳ್ಳಿಯಂಥ ಕಡೆ ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಪೀಣ್ಯದ ಕಾರ್ಖಾನೆಗಳನ್ನು ನಂಬಿ ಬಂದ ಕುಟುಂಬಗಳು ಒಂದು ಬಾಡಿಗೆ ಮನೆ ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಗಾಡಿಯಲ್ಲಿ ಎಲ್ಲದಕ್ಕೂ ಜಾಗವಿರುವುದಿಲ್ಲ. ಆಗ ಮೊಬೈಲಿನ ಗುಂಪಿನಲ್ಲಿ ಚಿತ್ರ ಹಾಕುತ್ತಾರೆ: ‘ಒಂದು ರೂಪಾಯಿಯಿಂದ ಆರಂಭ, ರಾತ್ರಿ ಒಂಬತ್ತಕ್ಕೆ ಮುಕ್ತಾಯ’. ಹೀಗೆ ಮಾರುವ ಯುವಕರೊಬ್ಬರು ನನ್ನನ್ನು ಕೇಳಿದರು: “ಫಾದರ್, ನೂರಿನ್ನೂರು ರೂಪಾಯಿಯ ಮಾಲು. ಸ್ನೇಹಿತನ ಕೈಲಿ ಎರಡು ಸವಾಲು ಕೂಗಿಸಿದರೆ ಅದೂ ಪಾಪವೇ?”

ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ಅಂತರಜಾಲದ ಹರಾಜು ಹುಟ್ಟಿದ್ದೇ ಅಗ್ಗದ ವಸ್ತುವಿನಿಂದ. 1995ರಲ್ಲಿ ಅಮೆರಿಕದ ಪಿಯರ್ ಓಮಿಡ್ಯಾರ್ ಎಂಬವರು ಮುಂದೆ ‘ಇಬೇ’ ಎಂದು ಹೆಸರಾದ ತಾಣವನ್ನು ತೆರೆದಾಗ ಅಲ್ಲಿ ಮೊದಲು ಮಾರಾಟವಾದದ್ದು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್. ಸಿಕ್ಕ ಬೆಲೆ 14.83 ಡಾಲರ್. ಅದು ಕೆಟ್ಟಿದೆ ಎಂಬುದು ತಮಗೆ ತಿಳಿದಿದೆಯೇ ಎಂದು ಅವರು ಕೊಂಡವರನ್ನು ವಿಚಾರಿಸಿದರಂತೆ. ಕೆಟ್ಟುಹೋದ ಪಾಯಿಂಟರುಗಳನ್ನು ಸಂಗ್ರಹಿಸುವುದೇ ತನ್ನ ಹವ್ಯಾಸ ಎಂಬ ಉತ್ತರ ಬಂತು! ನಮ್ಮ ದೇಶದಲ್ಲಿ 2000ದಲ್ಲಿ ಆರಂಭವಾದ ‘ಬಾಜಿ’ ತಾಣವನ್ನು 2004ರಲ್ಲಿ ಇಬೇ ಕೊಂಡುಕೊಂಡಿತು. 2018ರಲ್ಲಿ ಆ ಭಾರತೀಯ ತಾಣ ಮುಚ್ಚಿತು. ಅಂಗಡಿ ಮುಚ್ಚಿದರೂ ಅದು ಕಲಿಸಿದ ಉಪಾಯಗಳು ಉಳಿದುಕೊಂಡಿವೆ.

ಮೊದಲ ಉಪಾಯವೇ ಒಂದು ರೂಪಾಯಿಯ ಆರಂಭ. ಬೆಲೆ ಕಡಿಮೆ ಕಂಡರೆ ಹತ್ತು ಜನ ಬರುತ್ತಾರೆ. ಒಮ್ಮೆ ಕೂಗಿದವನಿಗೆ ವಸ್ತು ಆಗಲೇ ತನ್ನದಾದಂತೆ ಅನಿಸುತ್ತದೆ. ಬೇರೊಬ್ಬ ಮೇಲೆ ಹೋದರೆ ಬಿಡಲು ಮನಸ್ಸು ಬಾರದು. ಇದರಲ್ಲಿ ತಪ್ಪಿದೆಯೇ? ನನ್ನ ಮಟ್ಟಿಗೆ ಇಲ್ಲ. ಸಂತ ಥಾಮಸ್ ಅಕ್ವಿನಾಸರು ತಮ್ಮ ‘ಸುಮ್ಮಾ’ ಗ್ರಂಥದಲ್ಲಿ ಕೊಡುಕೊಳ್ಳುವಿಕೆಯ ಮೋಸವನ್ನು ಕುರಿತು ಒಂದು ಇಡೀ ಪ್ರಶ್ನೆಯನ್ನೇ ಚರ್ಚಿಸಿದ್ದಾರೆ. ನ್ಯಾಯವಾದ ಬೆಲೆಯನ್ನು ಕೂದಲೆಳೆಯಷ್ಟು ಕರಾರುವಾಕ್ಕಾಗಿ ಹೇಳಲಾಗದು, ಅದು ಒಂದು ಬಗೆಯ ಅಂದಾಜು, ಆದ್ದರಿಂದ ಸ್ವಲ್ಪ ಹೆಚ್ಚು ಕಡಿಮೆಯಾದರೆ ನ್ಯಾಯ ಕೆಡುವುದಿಲ್ಲ ಎಂಬುದು ಅವರ ಅಭಿಪ್ರಾಯ. ಹಾಗಾದರೆ ಹತ್ತು ಮಂದಿ ತಿಳಿದು, ಮನಃಪೂರ್ವಕವಾಗಿ ಕೂಗಿ ಮುಟ್ಟಿದ ಬೆಲೆ ಒಳ್ಳೆಯ ಅಂದಾಜೇ ಸರಿ. ಹಬ್ಬದ ದಿನ ದೇವಾಲಯದ ಅಂಗಳದಲ್ಲಿ ಮೂವತ್ತು ರೂಪಾಯಿಯ ಕುಂಬಳಕಾಯಿ ಮೂರು ಸಾವಿರಕ್ಕೆ ಹೋದಾಗ ಯಾರೂ ಅದನ್ನು ಸುಲಿಗೆ ಎನ್ನುವುದಿಲ್ಲ. ಕೂಗುವವರಿಗೆಲ್ಲ ಅದು ಕಾಣಿಕೆ ಎಂಬುದು ಗೊತ್ತು. ಬಾಟಾ ಅಂಗಡಿಯ 99ರಲ್ಲಿ ಮುಗಿಯುವ ಬೆಲೆಯೂ ಹಾಗೆಯೇ. ಎಲ್ಲರಿಗೂ ಗೊತ್ತಿರುವ ಆಟದಿಂದ ಯಾರೂ ಮೋಸಹೋಗುವುದಿಲ್ಲ, ಹೋದರೂ ಒಂದು ರೂಪಾಯಿ.

ಆದರೆ ಸ್ನೇಹಿತನ ಕೈಲಿ ಕೂಗಿಸುವುದು ಈ ಜಾತಿಗೆ ಸೇರಿದ್ದಲ್ಲ. ಇಬೇ ಮಾದರಿಯ ಹರಾಜಿನಲ್ಲಿ ಕೊಳ್ಳುವವನು ತಾನು ಕೊಡಬಲ್ಲ ಗರಿಷ್ಠ ಮೊತ್ತವನ್ನು ಗುಟ್ಟಾಗಿ ಯಂತ್ರಕ್ಕೆ ತಿಳಿಸುತ್ತಾನೆ. ಇನ್ನೊಬ್ಬರ ಸವಾಲಿಗಿಂತ ಸ್ವಲ್ಪ ಮೇಲಿರುವಷ್ಟನ್ನು ಮಾತ್ರ ಯಂತ್ರ ಅವನ ಪರವಾಗಿ ಕೂಗುತ್ತದೆ. ಇನ್ನೂರರವರೆಗೆ ಹೋಗಬಲ್ಲವನಿಗೆ ಪ್ರತಿಸ್ಪರ್ಧಿ ತೊಂಬತ್ತಕ್ಕೇ ನಿಂತರೆ, ವಸ್ತು ನೂರರ ಒಳಗೇ ಸಿಗುತ್ತದೆ. ಈಗ ಮಾರುವವನ ಸ್ನೇಹಿತ ನೂರು, ನೂರೈವತ್ತು, ನೂರೆಂಬತ್ತು ಎಂದು ಕೂಗುತ್ತಾ ಹೋದರೆ ಆಗುವುದೇನು? ನಂಬಿ ಇಟ್ಟ ಗುಟ್ಟನ್ನು ಕಳ್ಳಗಿಂಡಿಯಿಂದ ಇಣುಕಿ ನೋಡಿ ಜೇಬು ಬರಿದು ಮಾಡಿದಂತೆ. ನಮ್ಮ ದೇಶದ 1930ರ ಸರಕು ಮಾರಾಟ ಕಾಯಿದೆಯ 64ನೇ ಪ್ರಕರಣವೂ ಇದನ್ನು ಒಪ್ಪುವುದಿಲ್ಲ. ಮಾರುವವನು ತಾನೂ ಕೂಗುವ ಹಕ್ಕನ್ನು ಮೊದಲೇ ಸಾರಿ ಹೇಳಿರಬೇಕು. ಹುಸಿ ಸವಾಲಿನಿಂದ ಬೆಲೆ ಏರಿಸಿದ್ದರೆ ಕೊಂಡವನು ವ್ಯಾಪಾರವನ್ನೇ ರದ್ದು ಮಾಡಬಹುದು.

ಆದರೆ ಎಂಬತ್ತು ರೂಪಾಯಿಗಾಗಿ ನ್ಯಾಯಾಲಯಕ್ಕೆ ಹೋಗುವವರಾರು? ಇಲ್ಲಿಯೇ ಇದೆ ಗಂಟು. ಲಕ್ಷದ ಮಾಲಾದರೆ ವಕೀಲರಿದ್ದಾರೆ, ಪತ್ರಗಳಿವೆ, ಸಾಕ್ಷಿಗಳಿದ್ದಾರೆ. ಅಗ್ಗದ ಮಾಲಿನಲ್ಲಿ ಮೋಸಹೋದವನು ‘ಹೋಗಲಿ ಬಿಡು’ ಎಂದು ಸುಮ್ಮನಾಗುತ್ತಾನೆ. ಅಲ್ಲಿ ಮಾರುವವನ ಮನಸ್ಸಾಕ್ಷಿಯನ್ನು ಬಿಟ್ಟರೆ ಬೇರೆ ಕಾವಲುಗಾರನಿಲ್ಲ. ಸಂತ ಥಾಮಸರು ಒಪ್ಪಿದ ಆ ‘ಸ್ವಲ್ಪ ಹೆಚ್ಚು ಕಡಿಮೆ’ ಅಂದಾಜಿಗೆ ಕೊಟ್ಟ ವಿನಾಯಿತಿಯೇ ಹೊರತು ವಂಚನೆಗೆ ಕೊಟ್ಟದ್ದಲ್ಲ.

ಅಂಚೆ ವೆಚ್ಚದ ಉಪಾಯ ಇನ್ನೂ ನಯವಾದದ್ದು. ಹೊಸೈನ್ ಮತ್ತು ಮಾರ್ಗನ್ ಎಂಬ ಅರ್ಥಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಒಂದೇ ಬಗೆಯ ಸಂಗೀತದ ಸಿ.ಡಿ.ಗಳನ್ನು ಇಬೇಯಲ್ಲಿ ಎರಡು ರೀತಿ ಹರಾಜಿಗಿಟ್ಟರು: ಆರಂಭದ ಬೆಲೆ ನಾಲ್ಕು ಡಾಲರ್, ಸಾಗಣೆ ಉಚಿತ, ಇಲ್ಲವೇ ಆರಂಭದ ಬೆಲೆ ಒಂದೇ ಸೆಂಟು, ಸಾಗಣೆಗೆ 3.99 ಡಾಲರ್. ಲೆಕ್ಕ ಒಂದೇ. ಆದರೂ ಎರಡನೆಯದಕ್ಕೆ ಹೆಚ್ಚು ಜನ ಬಂದರು, ಹೆಚ್ಚು ಹಣವೂ ಬಂತು. ಮನುಷ್ಯನ ಕಣ್ಣು ದೊಡ್ಡಕ್ಷರದ ಬೆಲೆಯ ಮೇಲೆ ನಿಲ್ಲುತ್ತದೆ, ಕೆಳಗಿನ ಸಾಲಿಗೆ ಇಳಿಯುವುದಿಲ್ಲ. ಬೆಲೆಯನ್ನು ಹೀಗೆ ತುಂಡು ಮಾಡಿ ಕೊನೆಗೆ ಹೊರಹಾಕುವ ರೂಢಿಯನ್ನು ನಮ್ಮ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರಲ್ಲಿ ನಿಷೇಧಿಸಿದ 13 ಬಗೆಯ ಕಪಟ ವಿನ್ಯಾಸಗಳಲ್ಲಿ ಸೇರಿಸಿದೆ. ನಿಜವಾಗಿ ತಗಲುವ ಕೊರಿಯರ್ ವೆಚ್ಚವನ್ನು ಕೇಳುವುದು ನ್ಯಾಯ. ನಲವತ್ತು ರೂಪಾಯಿ ತಗಲುವಲ್ಲಿ ನೂರ ನಲವತ್ತು ಬರೆದರೆ ಆ ನೂರಕ್ಕೆ ಬೇರೆ ಹೆಸರಿದೆ.

ಸಣ್ಣ ಮೊತ್ತದ ವಿಷಯದಲ್ಲಿ ಧರ್ಮಸಭೆ ಹಿಂದೆಯೇ ಎಚ್ಚರಿಸಿದೆ. ಚಿಕ್ಕ ಚಿಕ್ಕ ಕಳ್ಳತನಗಳಿಂದ ಸೇರಿದ ಒಟ್ಟು ಮೊತ್ತ ಎಷ್ಟು ದೊಡ್ಡದಾದರೂ ಅದನ್ನು ಹಿಂದಿರುಗಿಸದಿರುವುದು ಮಾರಕ ಪಾಪವಲ್ಲ ಎಂದು ಕೆಲವರು ವಾದಿಸುತ್ತಿದ್ದರು. ಆ ವಾದವನ್ನು ಪೋಪ್ 11ನೇ ಇನ್ನೊಸೆಂಟರು 1679ರಲ್ಲಿ ಖಂಡಿಸಿದರು. ಒಬ್ಬರಿಂದ ನೂರು ರೂಪಾಯಿಯಂತೆ ವರ್ಷಕ್ಕೆ ಇನ್ನೂರು ಜನರಿಂದ ಪಡೆದದ್ದು ಇಪ್ಪತ್ತು ಸಾವಿರ. ಅದು ಒಂದೇ ಜೇಬಿನಲ್ಲಿದೆ ಎಂಬುದನ್ನು ನಾವು ಮರೆಯಲಾಗದು.

ಹೀಗಿರುವಲ್ಲಿ ಪ್ರಾಮಾಣಿಕವಾಗಿ ಮಾರುವವರು ಬೆಲೆ ಕಟ್ಟುವುದು ಹೇಗೆ? ಮನಸ್ಸಿನಲ್ಲಿ ಗೊಣಗದೆ ಕೊಟ್ಟುಬಿಡಬಲ್ಲ ಅತ್ಯಂತ ಕಡಿಮೆ ಬೆಲೆಯನ್ನೇ ಆರಂಭದ ಬೆಲೆಯಾಗಿ ಇಡಬೇಕು ಎಂದು ಆ ಯುವಕರಿಗೆ ಹೇಳಿದೆ. ಎಂಬತ್ತಕ್ಕಿಂತ ಕಡಿಮೆಗೆ ಆಗದೆಂದರೆ ಎಂಬತ್ತು ಎಂದೇ ಬರೆಯಲಿ. ಕನಿಷ್ಠ ದರ ಇಡಲು ಕಾಯಿದೆಯೂ ಅವಕಾಶ ಕೊಟ್ಟಿದೆ. ರಾಮನಗರದ ರೇಷ್ಮೆಗೂಡಿನ ಇ-ಹರಾಜಿನಲ್ಲಿ ಬೆಲೆ ಒಪ್ಪದ ರೈತ ಮಾಲು ಕೊಡೆನೆನ್ನಬಹುದು. ಆದರೆ ಅದು ಕೂಗುವವರಿಗೆಲ್ಲ ಗೊತ್ತಿರುವ ನಿಯಮ. ‘ಒಂದು ರೂಪಾಯಿ’ ಎಂದು ಕರೆದು, ಒಬ್ಬರೇ ಬಂದಾಗ ‘ಜಾರು ಒಡೆದುಹೋಯಿತು’ ಎಂದು ಸುಳ್ಳು ಹೇಳುವುದು ಹಾಗಲ್ಲ. ಹೌದು ಎಂದದ್ದು ಹೌದಾಗಿಯೇ ಇರಬೇಕೆಂದ ಯೇಸುಸ್ವಾಮಿ ಅದಕ್ಕೆ ಕನಿಷ್ಠ ಮೊತ್ತವನ್ನೇನೂ ನಿಗದಿಮಾಡಲಿಲ್ಲ. ಜಾರಿನ ಬಿರುಕು ಚಿತ್ರದಲ್ಲಿ ಕಾಣಲಿ. ಕೆಟ್ಟ ಪಾಯಿಂಟರಿಗೂ ಗಿರಾಕಿ ಸಿಕ್ಕಿದ್ದರಲ್ಲವೇ?

ಕೊಳ್ಳುವವರನ್ನೂ ಬಿಡುವಂತಿಲ್ಲ. ‘ಕಳಪೆ, ಕಳಪೆ’ ಎಂದು ಹೀಗಳೆದು ಕೊಂಡು, ಆಮೇಲೆ ತನ್ನ ಜಾಣ್ಮೆಯನ್ನು ಕೊಚ್ಚಿಕೊಳ್ಳುವವನ ಪರಿಚಯ ಜ್ಞಾನೋಕ್ತಿಗಳ ಗ್ರಂಥಕ್ಕೂ ಇದೆ. ಕೊಂಡ ವಸ್ತುವಿನಿಂದ ಹೆಚ್ಚಿನ ಪ್ರಯೋಜನ ಪಡೆದವನು ತಾನಾಗಿಯೇ ಒಂದಿಷ್ಟು ಹೆಚ್ಚು ಕೊಡಬಹುದು ಎಂದು ಸಂತ ಥಾಮಸರು ಅದೇ ಚರ್ಚೆಯಲ್ಲಿ ಹೇಳುತ್ತಾರೆ. ಅದು ಕಡ್ಡಾಯವಲ್ಲ, ಸೌಜನ್ಯ. ಒಂದು ರೂಪಾಯಿಗೆ ಗೆದ್ದ ವಾಕರನ್ನು ಒಯ್ಯಲು ಬಂದ ತಾಯಿ ಐವತ್ತರ ನೋಟು ಕೊಟ್ಟು ಚಿಲ್ಲರೆ ಕೇಳದೆ ಹೊರಟರೆ, ಮಾರಿದವರು ಅದನ್ನು ಸಂಕೋಚವಿಲ್ಲದೆ ಇಟ್ಟುಕೊಳ್ಳಬಹುದು.