ತೆರೆದಿಡುವುದು, ತಿಳಿಸಿಕೊಡುವುದು

ಒಂದು ವಸ್ತುವನ್ನು ಬೆಲೆಯಿಲ್ಲದೆ ಕೊಟ್ಟವನು ಅದನ್ನು ಬಳಸುವ ಬಗೆಯನ್ನೂ ಹೇಳಿಕೊಡಬೇಕೆ? ಕೊಟ್ಟದ್ದೇ ದೊಡ್ಡದು, ಮೇಲೆ ಪಾಠವನ್ನೂ ಕೇಳುವುದು ಅತಿಯಾಸೆ ಎಂದು ನಮಗೆ ಮೊದಲು ತೋರುತ್ತದೆ. ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದಷ್ಟೆ. ಆದರೂ ಈ ಪ್ರಶ್ನೆ ಅಷ್ಟು ಸುಲಭವಾಗಿ ತೀರುವಂಥದಲ್ಲ.

ನಮ್ಮ ಕಾಣಿಯೂರಿನ ಕಡೆ ಹಳ್ಳಿಮದ್ದು ಬಲ್ಲ ಹಿರಿಯರಿದ್ದರು. ಕಾಮಾಲೆಗೋ ಸರ್ಪಸುತ್ತಿಗೋ ಮದ್ದು ಅರೆದು ಕೊಡುವರು. ಒಂದು ಬಿಡಿಗಾಸನ್ನೂ ಮುಟ್ಟರು. ಆದರೆ ಯಾವ ಬೇರು, ಎಷ್ಟು ಪ್ರಮಾಣ ಎಂದು ಕೇಳಿದರೆ ಬಾಯಿ ಬಿಡರು. ಹೇಳಿದರೆ ಮದ್ದು ಫಲಿಸುವುದಿಲ್ಲವೆಂಬುದು ಅವರ ನಂಬಿಕೆ. ಇವರನ್ನು ಲೋಭಿಗಳೆಂದರೆ ಅನ್ಯಾಯವಾದೀತು. ಆದರೂ ಅವರು ಹೋದಾಗ ಮದ್ದೂ ಅವರೊಡನೆ ಹೋಯಿತು. ಇದಕ್ಕೆ ನೇರ ವಿರುದ್ಧವಾದ ಇನ್ನೊಂದು ಬಗೆಯ ಔದಾರ್ಯವನ್ನು ನಾನು ಕಂಡದ್ದು ಗಣಕಯಂತ್ರದ ಲೋಕದಲ್ಲಿ. ಅಲ್ಲಿ ಬೇರಿನ ಹೆಸರು, ಪ್ರಮಾಣ, ಅರೆಯುವ ಕಲ್ಲು ಎಲ್ಲವನ್ನೂ ಬೀದಿಯಲ್ಲಿ ತೆರೆದಿಟ್ಟಿರುತ್ತಾರೆ. ಯಾವ ರೋಗಕ್ಕೆ ಎಂದು ಬರೆಯಲು ಮಾತ್ರ ಮರೆತಿರುತ್ತಾರೆ.

ಕನ್ನಡ ಪಾಠ ಹೇಳುವವನಿಗೆ ಯಂತ್ರದ ಗೊಡವೆ ಏಕೆಂದು ಓದುಗರು ಕೇಳಬಹುದು. ಹಳಗನ್ನಡ ಪದಗಳ ಒಂದು ಸೂಚಿಯನ್ನು ಸಿದ್ಧಪಡಿಸುವ ಕೆಲಸ ನನ್ನನ್ನು ಅತ್ತ ಎಳೆಯಿತು. ಯಂತ್ರವೊಂದನ್ನು ಕೊಂಡರೆ ಸಾಲದು. ಅದರೊಳಗೆ ಕಡತ, ಕೀಲಿಮಣೆ, ಪರದೆಗಳನ್ನೆಲ್ಲ ನಿಭಾಯಿಸುವ ಪಾರುಪತ್ಯಗಾರನೊಬ್ಬ ಬೇಕು. ಅದಕ್ಕೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ಹುಟ್ಟಿದ ಯುನಿಕ್ಸ್ ಎಂಬುದು ಇಂಥದೊಂದು ವ್ಯವಸ್ಥೆ. ಅದರ ಹೋಲಿಕೆಯಲ್ಲಿ ಕಟ್ಟಿದ ಲಿನಕ್ಸ್, ಅದರ ವಂಶದಲ್ಲೇ ಬಂದ ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿ ಮೊದಲಾದವು ಇಂದು ಯಾರಿಗೆ ಬೇಕಾದರೂ ಬಿಟ್ಟಿಯಾಗಿ ದೊರೆಯುತ್ತವೆ. ಅವುಗಳ ಮೂಲಬರಹವನ್ನು ತೆರೆದು ಓದಬಹುದು, ತಿದ್ದಲೂಬಹುದು. ಇಷ್ಟು ದೊಡ್ಡ ದಾನ ನಮ್ಮ ಕಾಲದಲ್ಲಿ ಬೇರೊಂದು ನಡೆದಿದೆಯೆ ಎಂದು ನನಗೆ ಸಂದೇಹವಿದೆ.

ಮೂಲ ಯುನಿಕ್ಸ್‌ನ ಕೈಪಿಡಿಯ ಮೊದಲ ಆವೃತ್ತಿಗೆ 1971ರ ನವೆಂಬರ್ 3ರ ತಾರೀಖಿದೆ. ಬರೆದವರು ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ, ಎಂದರೆ ವ್ಯವಸ್ಥೆಯನ್ನು ಕಟ್ಟಿದವರೇ. ಒಂದೊಂದು ಆದೇಶಕ್ಕೂ ಒಂದೊಂದು ಬರಹ: ಹೆಸರು, ಬಳಸುವ ಕ್ರಮ, ವಿವರಣೆ, ಇನ್ನೆಲ್ಲಿ ನೋಡಬೇಕು. ಕೊನೆಯಲ್ಲಿ ಎರಡು ಅಂಕಣಗಳಿದ್ದವು. ಒಂದು ‘ದೋಷಗಳು’, ಇನ್ನೊಂದು ‘ಒಡೆಯ’. ತಾನು ಮಾಡಿದ್ದರಲ್ಲಿ ಎಲ್ಲಿ ಕೊರತೆ ಉಳಿದಿದೆ, ಅದಕ್ಕೆ ಹೊಣೆ ಯಾರು ಎಂಬುದನ್ನು ಮಾಡಿದವನೇ ಬರೆಯಬೇಕು! ನಮ್ಮ ಪಠ್ಯಪುಸ್ತಕಗಳ ಮುನ್ನುಡಿಗಳಲ್ಲಿ ‘ಅಚ್ಚಿನ ತಪ್ಪುಗಳನ್ನು ಸಹೃದಯರು ಮನ್ನಿಸಬೇಕು’ ಎಂಬ ಒಂದೇ ವಾಕ್ಯಕ್ಕೆ ವಿನಯವನ್ನೆಲ್ಲ ಮುಗಿಸಿಬಿಡುವ ನಾವು ಇದನ್ನು ಸ್ವಲ್ಪ ಯೋಚಿಸಬೇಕು. ‘ದೋಷಗಳು’ ಎಂಬ ಅಂಕಣ ಆ ವಂಶದಲ್ಲಿ ಇಂದಿಗೂ ಉಳಿದಿದೆ.

ಉಳಿದ ಸಂಸ್ಕಾರ ಎಲ್ಲ ಮನೆಗಳಲ್ಲಿಯೂ ಒಂದೇ ಸಮನಾಗಿ ಉಳಿಯಲಿಲ್ಲ. ಓಪನ್‌ಬಿಎಸ್‌ಡಿಯವರಲ್ಲಿ ಕೈಪಿಡಿಯ ತಪ್ಪು ಕ್ರಮವಿಧಿಯ ತಪ್ಪಿನಷ್ಟೇ ಗಂಭೀರ. ಯಂತ್ರದ ನಡೆಯನ್ನು ಬದಲಿಸಿದವನು ಅದರ ಪುಟವನ್ನೂ ತಿದ್ದಿಯೇ ಏಳಬೇಕು. ಫ್ರೀಬಿಎಸ್‌ಡಿಯವರ ಕೈಹೊತ್ತಗೆ ಹೊಸಬನನ್ನು ಬೆರಳು ಹಿಡಿದು ನಡೆಸುತ್ತದೆ. ಇವು ಕೂಡುಕುಟುಂಬಗಳು, ಅಡಿಗೆಮನೆ, ಉಗ್ರಾಣ, ಲೆಕ್ಕದ ಪುಸ್ತಕ ಒಂದೇ ಸೂರಿನಡಿ ಇವೆ. ಲಿನಕ್ಸ್ ಹಾಗಲ್ಲ. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಕಟ್ಟತೊಡಗಿದ್ದು ಅದರ ತಿರುಳನ್ನು ಮಾತ್ರ. ಸುತ್ತಲಿನ ಉಪಕರಣಗಳಲ್ಲಿ ಬಹುಪಾಲು ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯವು. ಇವನ್ನೆಲ್ಲ ಒಟ್ಟುಗೂಡಿಸಿ ಹಂಚುವವರು ಮೂರನೆಯವರು. ಹೀಗಾಗಿ ವಿವರಣೆಯೂ ಹಂಚಿಹೋಯಿತು. ಎಷ್ಟೋ ಉಪಕರಣಗಳ ಪುಟದ ಕೊನೆಗೆ ‘ಪೂರ್ಣ ವಿವರಕ್ಕೆ ಬೇರೆ ಪುಸ್ತಕ ನೋಡಿ’ ಎಂದಿರುತ್ತದೆ. ಕಚೇರಿಯಲ್ಲಿ ಮುಂದಿನ ಮೇಜಿಗೆ ಕಳುಹಿಸಿದ ಹಾಗೆ!

ನನ್ನ ಪದಸೂಚಿಯನ್ನೇ ತೆಗೆದುಕೊಳ್ಳಿ. ಯಂತ್ರ ಅಕ್ಷರಗಳಿಗೆ ಕೊಟ್ಟಿರುವ ಸಂಖ್ಯೆಗಳ ಕ್ರಮದಲ್ಲಿ ಳಕಾರ ವಕಾರಕ್ಕಿಂತ ಮೊದಲು ಬರುತ್ತದೆ. ನಮ್ಮ ಕೋಶಗಳಲ್ಲಿ ಅದರ ಸ್ಥಾನ ಹಕಾರದ ಅನಂತರ. ಎಂದಮೇಲೆ ಭಾಷೆಯ ಕ್ರಮವನ್ನು ಯಂತ್ರಕ್ಕೆ ತಿಳಿಸಬೇಕು. ಓಪನ್‌ಬಿಎಸ್‌ಡಿಯಲ್ಲಿ ಇದಕ್ಕೆ ಅನುಕೂಲವೇ ಇಲ್ಲ. ಆದರೆ ಇಲ್ಲವೆಂಬುದನ್ನು ಅದರ ಕೈಪಿಡಿ ನೆಟ್ಟಗೆ ಹೇಳಿಬಿಡುತ್ತದೆ. ಲಿನಕ್ಸ್‌ನಲ್ಲಿ ಭಾಷಾಕ್ರಮದ ಏರ್ಪಾಡು ಉಂಟು. ವಿಂಗಡಣೆಯ ಪುಟದಲ್ಲಿ ಮಾತ್ರ ಎರಡು ಸಾಲಿನ ಎಚ್ಚರಿಕೆಯಿದೆ, ಉಳಿದದ್ದನ್ನು ನಾಲ್ಕು ಕಡೆ ಹುಡುಕಿ ಜೋಡಿಸಿಕೊಳ್ಳಬೇಕು. ಇಲ್ಲದ್ದನ್ನು ಇಲ್ಲವೆಂದವನು ಮೇಲೊ, ಇದ್ದದ್ದನ್ನು ಹೇಳದವನು ಮೇಲೊ? ಕೆಲಸವನ್ನು ನಾನು ಲಿನಕ್ಸ್‌ನಲ್ಲಿಯೇ ಮಾಡುತ್ತೇನೆ. ಗೌರವ ಮಾತ್ರ ಆ ಇನ್ನೊಬ್ಬನ ಕಡೆಗೆ ಹರಿಯುತ್ತದೆ.

ಇದಕ್ಕೊಂದು ಬಲವಾದ ಆಕ್ಷೇಪಣೆಯುಂಟು. ಸಂಬಳವಿಲ್ಲದೆ ರಾತ್ರಿಯ ನಿದ್ದೆ ಕೆಟ್ಟು ಬರೆದುಕೊಟ್ಟವನ ಮೇಲೆ ಇನ್ನೊಂದು ಹೊರೆ ಹೊರಿಸಲು ನಾವು ಯಾರು? ಒಪ್ಪತಕ್ಕ ಮಾತು. ಅದು ಸಾಲವಲ್ಲ, ಹಕ್ಕಿನಿಂದ ಕೇಳುವಂತಿಲ್ಲ. ಆದರೆ ವಿವರಣೆಯಿಲ್ಲದ ದಾನ ತನ್ನ ಪಾತ್ರರನ್ನು ತಾನೇ ಆರಿಸಿಕೊಂಡುಬಿಡುತ್ತದೆ. ಬಲ್ಲವರಿಗೆ ಮಾತ್ರ ಅದು ಸಲ್ಲುತ್ತದೆ. ಅರಿಯದವನು ತೆರೆದ ಬಾಗಿಲಿನ ಮುಂದೆಯೇ ನಿಂತಿರುತ್ತಾನೆ. ಬಾಗಿಲು ಮುಚ್ಚಿದ್ದರೆ ಅವನು ಮುಚ್ಚಿದವನನ್ನು ದೂರುತ್ತಿದ್ದ. ತೆರೆದಿರುವುದರಿಂದ ತನ್ನ ಬುದ್ಧಿಯನ್ನೇ ದೂರಿಕೊಳ್ಳುತ್ತಾನೆ. ತರಗತಿಯಲ್ಲಿ ಇಪ್ಪತ್ತು ವರ್ಷ ನಿಂತವನಿಗೆ ಈ ಎರಡನೆಯ ದೂರು ಮೊದಲನೆಯದಕ್ಕಿಂತ ಕೆಟ್ಟದ್ದೆಂದು ಗೊತ್ತು. ‘ಕೈಪಿಡಿ ಓದಯ್ಯ’ ಎಂದು ಹೊಸಬರನ್ನು ಗದರುವ ವಾಡಿಕೆ ಆ ಲೋಕದಲ್ಲಿ ಬಹಳ. ಓದಲು ತಕ್ಕ ಕೈಪಿಡಿಯನ್ನು ಬರೆದವನಿಗೆ ಆ ಗದರಿಕೆ ಒಪ್ಪಬಹುದು, ಬರೆಯದವನಿಗೆ ಒಪ್ಪದು.

ಲಿನಕ್ಸ್ ಪಾಳಯದಲ್ಲಿಯೂ ಇದನ್ನು ಅರಿತವರಿದ್ದಾರೆ. ಡೆಬಿಯನ್ ಎಂಬ ಬಳಗ ಕೈಪಿಡಿಯ ಪುಟವಿಲ್ಲದ ಆದೇಶವನ್ನು ದೋಷವೆಂದೇ ಎಣಿಸುತ್ತದೆ. ಕರ್ತೃ ಬರೆಯದಿದ್ದಲ್ಲಿ ಬಳಗದವರೇ ಕೂತು ಬರೆದದ್ದುಂಟು. ಮೈಕೆಲ್ ಕೆರಿಸ್ಕ್ ಎಂಬವರು 2004ರಿಂದ ಸುಮಾರು ಒಂದೂವರೆ ದಶಕ ಲಿನಕ್ಸ್ ತಿರುಳಿನ ಕೈಪಿಡಿಪುಟಗಳನ್ನು ನೋಡಿಕೊಂಡರು. ಎಂದರೆ, ಇತರರು ಕಟ್ಟಿ ಬಿಟ್ಟದ್ದನ್ನು ಓದಿ, ಪರೀಕ್ಷಿಸಿ, ಅದು ಏನು ಮಾಡುತ್ತದೆಂದು ಬರೆಯುವುದು. ಕಟ್ಟಿದವರ ಹೆಸರು ಜಗತ್ತಿಗೆ ಗೊತ್ತು. ಇವರ ಹೆಸರನ್ನು ಬಲ್ಲವರು ಎಷ್ಟು ಮಂದಿ?

ವಿವರಿಸಿದವನಿಗೆ ಎರಡನೆಯ ಮಣೆ ಹಾಕುವುದು ಆಧುನಿಕರ ಅಭ್ಯಾಸವಿರಬೇಕು. ಉಡುಪಿಯ ಅಷ್ಟಮಠಗಳಲ್ಲಿ ಒಂದು ನಮ್ಮ ಊರಿನ ಹೆಸರನ್ನೇ ಹೊತ್ತಿದೆ. ಆ ಪರಂಪರೆಯಲ್ಲಿ ಮಧ್ವಾಚಾರ್ಯರ ‘ಅನುವ್ಯಾಖ್ಯಾನ’ ಅತಿ ಬಿಗಿಯಾದ ಗ್ರಂಥ. ಅದನ್ನು ಬಿಡಿಸಿ ‘ನ್ಯಾಯಸುಧಾ’ ಬರೆದವರು ಜಯತೀರ್ಥರು. ಅವರಿಗೆ ಸಂದ ಬಿರುದು ಟೀಕಾಚಾರ್ಯ. ಸಿದ್ಧಾಂತವನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಬಿಡಿಸಿ ಹೇಳಿದವನನ್ನೂ ಆಚಾರ್ಯನೆಂದರಲ್ಲ, ಅದು ನನಗೆ ಮುಖ್ಯ.

ಕಾಣಿಯೂರಿನಿಂದ ಪುತ್ತೂರಿನ ಮೇಲೆ ಗಡಿ ದಾಟಿದರೆ ಕಾಸರಗೋಡು. ಕೇರಳ ಸರ್ಕಾರ 2001ರಲ್ಲಿ ಶಾಲೆಗಳಿಗಾಗಿ ಐಟಿ ಅಟ್ ಸ್ಕೂಲ್ ಯೋಜನೆಯನ್ನು ಹೂಡಿ, ಮುಂದೆ ಅದನ್ನು ಲಿನಕ್ಸ್‌ಗೆ ಹೊರಳಿಸಿತು. 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಯಿತು. ಅದರ ಪಠ್ಯಪುಸ್ತಕಗಳು ಕನ್ನಡದಲ್ಲಿಯೂ ಅಚ್ಚಾಗುತ್ತವೆ. ಇದರಿಂದ ಒಂದು ವಿಚಿತ್ರ ಒದಗಿದೆ: ಯುನಿಕ್ಸ್ ಮನೆತನದ ವ್ಯವಸ್ಥೆಯನ್ನು ಕನ್ನಡದ ಪುಸ್ತಕ ಹಿಡಿದು ಕಲಿಯುವ ಭಾಗ್ಯ ಮಲೆಯಾಳದ ಆಡಳಿತದಲ್ಲಿರುವ ನಮ್ಮ ಮಕ್ಕಳಿಗೆ ದೊರೆತಿದೆ.

ಇತ್ತ ನನ್ನ ಯಂತ್ರದ ಪರದೆಯ ಮೇಲೂ ಕನ್ನಡವಿದೆ. ಯಾರೋ ಸ್ವಯಂಸೇವಕರು ಶ್ರಮಪಟ್ಟು ಅನುವಾದಿಸಿದ್ದು. ‘ಕಡತ’ ಎಂದಿದೆ, ‘ಸಂಪಾದನೆ’ ಎಂದಿದೆ, ‘ನೋಟ’ ಎಂದಿದೆ. ಕೊನೆಯಲ್ಲಿ ‘ಸಹಾಯ’ ಎಂದಿದೆ. ಅದನ್ನು ಒತ್ತಿದರೆ ತೆರೆಯುವ ಪುಟ ಇಂಗ್ಲಿಷಿನಲ್ಲಿದೆ.