ಅಳತೆ ಕೇಳಿದ ಕೈಗಳು

2020ರ ಏಪ್ರಿಲ್. ಕೊರೊನಾ ಲಾಕ್‌ಡೌನ್‌ನಲ್ಲಿ ಬೀದಿಯೆಲ್ಲ ಬಿಕೋ ಎನ್ನುತ್ತಿದ್ದರೂ ನಮ್ಮ ಎದುರು ಮನೆಯ ಹೊಲಿಗೆ ಯಂತ್ರ ಮಾತ್ರ ರಾತ್ರಿಯವರೆಗೆ ಸದ್ದು ಮಾಡುತ್ತಿತ್ತು. ರವಿಕೆ ಹೊಲಿದು ಸಂಸಾರ ತೂಗಿಸುವ ಆ ತಾಯಿಗೆ ಆಗ ಗಿರಾಕಿಗಳಿಲ್ಲ, ಸಂಪಾದನೆಯೂ ಇಲ್ಲ. ಆದರೂ ಲೈನಿಂಗ್‌ಗೆಂದು ತಂದಿಟ್ಟಿದ್ದ ಹತ್ತಿ ಬಟ್ಟೆ ತೆಗೆದು, ಆಸ್ಪತ್ರೆಗೆ ಮಾಸ್ಕ್ ಹೊಲಿಯಲು ಕೂತಿದ್ದರು.

ಮೊದಲ ಐವತ್ತು ಮಾಸ್ಕ್ ಕೊಟ್ಟು ಬರಲು ಹೋದಾಗ ಅಲ್ಲಿನ ನರ್ಸ್ ಒಂದನ್ನು ಎತ್ತಿ ಬೆಳಕಿಗೆ ಹಿಡಿದರಂತೆ. “ಅಕ್ಕಾ, ಮಧ್ಯದಲ್ಲಿ ಹೊಲಿಗೆ ಬಂದಿದೆಯಲ್ಲ, ಮೂಗಿನ ನೇರಕ್ಕೇ ಸೂಜಿ ತೂತು ಬೀಳುತ್ತೆ. ನೆರಿಗೆ ಹಿಡಿದು ಹೊಲಿಯೋಕಾಗುತ್ತಾ? ವಾರ್ಡಿನೊಳಗೆ ನಮಗೆ ಎನ್-95 ಬೇಕು, ಇದು ಸಾಲಲ್ಲ. ಆದರೆ ರೋಗಿಗಳ ಜೊತೆ ಬರೋರಿಗೆ ಇದನ್ನ ಕೊಟ್ಟರೆ, ಇರೋ ಸರ್ಜಿಕಲ್ ಮಾಸ್ಕ್ ಒಳಗೆ ಕೆಲಸ ಮಾಡೋ ಬೇರೆಯವರಿಗೆ ಉಳಿಯುತ್ತೆ.”

ಪುಕ್ಕಟೆ ಕೊಡಲು ಬಂದವರಿಗೆ ಇಂಥ ಮಾತು ಚುಚ್ಚಬಹುದಿತ್ತು. ಆಕೆ ಕೇಳಿದ್ದು ಒಂದೇ: “ಅಳತೆ ಹೇಳಿ ಸಿಸ್ಟರ್.” ನರ್ಸ್ ತಾವೇ ಟೇಪು ಹಿಡಿದು ಮೂಗಿನ ಮೇಲಿಂದ ಗಲ್ಲದ ಕೆಳಗಿನವರೆಗೆ ಅಳತೆ ಕೊಟ್ಟರು. ಆಗಲೇ ಆಕೆಗೆ ಅವರ ಕಿವಿಯ ಹಿಂದೆ ಎಲಾಸ್ಟಿಕ್ ಕೊರೆದ ಗಾಯ ಕಂಡದ್ದು. ಮರುವಾರ ನೆರಿಗೆಯ ಮಾಸ್ಕುಗಳ ಜೊತೆ ಬಟ್ಟೆಯ ಪಟ್ಟಿಗಳೂ ಹೋದವು. ಪ್ರತಿ ಪಟ್ಟಿಯ ಎರಡು ತುದಿಗೆ ಎರಡು ಗುಂಡಿ. ಪಟ್ಟಿಯನ್ನು ತಲೆಯ ಹಿಂದಿಟ್ಟು ಎಲಾಸ್ಟಿಕ್ಕನ್ನು ಆ ಗುಂಡಿಗಳಿಗೆ ಸಿಕ್ಕಿಸಿದರೆ ಕಿವಿಗೆ ನೋವಿಲ್ಲ.

ಹೀಗೆ ಕೇಳಿ ತಿದ್ದಿಕೊಂಡವರು ಆಕೆಯೊಬ್ಬರೇ ಅಲ್ಲ. ಅದೇ ವರ್ಷದ ಮಾರ್ಚ್‌ನಲ್ಲಿ ಪ್ರಾಗ್‌ನ ಯೋಸೆಫ್ ಪ್ರೂಶಾ ಎಂಬ ತಂತ್ರಜ್ಞ ತ್ರೀಡಿ ಪ್ರಿಂಟರ್‌ನಲ್ಲಿ ಮಾಡಬಹುದಾದ ಮುಖಕವಚದ ವಿನ್ಯಾಸ ರೂಪಿಸಿದರು. ಅದನ್ನು ತಮ್ಮ ದೇಶದ ಆರೋಗ್ಯ ಸಚಿವಾಲಯಕ್ಕೆ ತೋರಿಸಿ, ತಿದ್ದಿ, ಬಳಿಕ ಜಗತ್ತಿಗೆಲ್ಲ ಉಚಿತವಾಗಿ ಹಂಚಿದರು. ನಮ್ಮಲ್ಲಿ ಮುಂಬೈನ ಮೇಕರ್ಸ್ ಅಸೈಲಮ್ ಬಳಗ ‘ಎಂ19’ ಎಂಬ ಸರಳ ಮುಖಕವಚ ರೂಪಿಸಿತು. ಹಲವು ಊರುಗಳ ಆಸಕ್ತರು ಕೈಜೋಡಿಸಿ 49 ದಿನಗಳಲ್ಲಿ ಅಂಥ 10 ಲಕ್ಷ ಕವಚಗಳನ್ನು ತಯಾರಿಸಿದರು. ಪಾರದರ್ಶಕ ಹಾಳೆ, ಹಣೆಗೊಂದು ಪಟ್ಟಿ, ಬಿಗಿಯಲು ಎಲಾಸ್ಟಿಕ್, ಇಷ್ಟೇ ಸಾಮಗ್ರಿ. ಆದರೆ ಹಾಳೆ ಗಲ್ಲದ ಕೆಳಗೆ ಎಷ್ಟು ಇಳಿಯಬೇಕು, ಬಗ್ಗಿದಾಗ ಎದೆಗೆ ತಾಗುತ್ತದೆಯೇ ಎಂಬುದನ್ನು ಹೇಳಬಲ್ಲವರು ಅದನ್ನು ದಿನವಿಡೀ ಧರಿಸುವವರು ಮಾತ್ರ.

ಕೊಡಬೇಕೆಂಬ ಮನಸ್ಸು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾವು ಕೊಡುವಾಗ ಹೆಚ್ಚಾಗಿ ನಮ್ಮಲ್ಲಿ ಏನಿದೆ ಎಂದು ನೋಡುತ್ತೇವೆ, ಅವರಿಗೆ ಏನು ಬೇಕು ಎಂದು ಕೇಳುವುದಿಲ್ಲ. ನೆರೆ ಬಂದ ಊರಿನ ಶಾಲೆಯ ಜಗಲಿಯಲ್ಲಿ ಹರಿದ ಬಟ್ಟೆಗಳ ರಾಶಿ ಬೀಳುತ್ತದೆ. ಅದೇ ಊರಿನ ಹೆಣ್ಣುಮಕ್ಕಳು ಒಳಉಡುಪಿಗೆ, ಸ್ಯಾನಿಟರಿ ಪ್ಯಾಡಿಗೆ ಪರದಾಡುತ್ತಿರುತ್ತಾರೆ. ಕೊಟ್ಟವರಿಗೆ ಸಮಾಧಾನ, ಪಡೆದವರಿಗೆ ಅದನ್ನು ವಿಂಗಡಿಸುವ ಮತ್ತೊಂದು ಕೆಲಸ.

ಎದುರಿಗಿರುವವರನ್ನು ಕೇಳುವುದೆಂದರೆ ಅವರ ಕಷ್ಟವನ್ನು ನಮಗಿಂತ ಅವರೇ ಚೆನ್ನಾಗಿ ಬಲ್ಲರೆಂದು ಒಪ್ಪಿಕೊಳ್ಳುವುದು. ಆ ಗೌರವ ಇದ್ದಾಗ ಕೊಟ್ಟದ್ದು ಭಿಕ್ಷೆಯಾಗದೆ ನೆರವಾಗುತ್ತದೆ.

ಒಳ್ಳೆಯ ದರ್ಜಿ ಎಷ್ಟೇ ಅವಸರವಿದ್ದರೂ ಮೈ ಅಳತೆ ತೆಗೆಯದೆ ಬಟ್ಟೆಗೆ ಕತ್ತರಿ ಹಾಕುವುದಿಲ್ಲ. ಎದುರು ಮನೆಯ ಆ ತಾಯಿ ಎಷ್ಟೋ ವರ್ಷ ರವಿಕೆ ಹೊಲಿದು ಕಲಿತ ಪಾಠ ಅದು. ಆ ಕಷ್ಟದ ದಿನಗಳಲ್ಲಿ ಅವರು ಅದನ್ನು ಕೈಬಿಡಲಿಲ್ಲ. ಇಂದು ಯಾರಿಗಾದರೂ ಏನನ್ನಾದರೂ ಕೊಡಲು ಹೊರಟಿದ್ದೀರಾ? ಹೊರಡುವ ಮುನ್ನ ಒಂದು ಫೋನು ಮಾಡಿ, “ನಿಮಗೆ ಏನು ಬೇಕು?” ಎಂದು ಕೇಳಿ.